ಅಜ್ಜನ ಬಿಎಸ್‌ಎ ಕನ್ಯಾಕುಮಾರಿ ತಲುಪಬೇಕಾದರೆ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಜ್ಜನ 1952ರ ಬಿಎಸ್‌ಎ ಬಿ31 ಬೈಕು ನಮ್ಮ ಕೊಬ್ಬರಿ ಕೊಟ್ಟಿಗೆಯಲ್ಲಿ 28 ವರ್ಷದಿಂದ ನಿಂತಿದೆ. ಅದನ್ನು ರೆಡಿ ಮಾಡಿಸಿ ಕನ್ಯಾಕುಮಾರಿಗೆ ಓಡಿಸಿಕೊಂಡು ಹೋಗಬೇಕು ಅಂತ ಆಸೆ. ಮೊದಲು ಬಣ್ಣ, ಕ್ರೋಮ್ ಮಾಡಿಸಿ, ಆಮೇಲೆ ಬುಲೆಟ್ ಎಂಜಿನ್ ಕೂರಿಸೋಣ, ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕೋಣ ಅಂತ ಒಬ್ಬ ಮೆಕ್ಯಾನಿಕ್ ಹೇಳ್ತಾರೆ. ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅವರು ತೀರಿಕೊಂಡಿದ್ದಾರೆ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಇದನ್ನು ಓದುವ ಹೊತ್ತಿಗೆ ನೀವು ಕಿಕ್ ಹೊಡೆದಿರದಿದ್ದರೆ ಸಾಕು. 28 ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರುತ್ತವೆ. ಊರಿನ ಹುಡುಗರೆಲ್ಲ ಸೇರಿ ಒಬ್ಬರಾದ ಮೇಲೆ ಒಬ್ಬರು ಕಿಕ್ ಮೇಲೆ ಹತ್ತಿ ನಿಂತರೆ ಮೊದಲು ಮುರಿಯುವುದು ರಿಂಗು, ಆಮೇಲೆ ಗೀರು ಬೀಳುವುದು ಬೋರಿಗೆ. ಪ್ಲಗ್ ಬಿಚ್ಚಿ. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ನಾಲ್ಕೈದು ಚಮಚ ಒಳಗೆ ಬಿಡಿ. ಒಂದು ವಾರ ಅದರ ತಂಟೆಗೆ ಹೋಗಬೇಡಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸಿ. ಬಿಟ್ಟುಕೊಂಡರೆ ಸರಿ. ಇಲ್ಲದಿದ್ದರೆ ಇನ್ನೊಂದು ವಾರ ಕಾಯಿರಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಲ್ಲಿಸಿ ನೋಡೋದಕ್ಕೆ ಬೈಕ್ ರೆಡಿ ಮಾಡುವುದು ಒಂದು ಕೆಲಸ, ದೂರ ಓಡಿಸೋದಕ್ಕೆ ರೆಡಿ ಮಾಡುವುದು ಬೇರೆಯೇ ಕೆಲಸ. ನಿಮ್ಮ ಮೆಕ್ಯಾನಿಕ್ ಹೇಳ್ತಿರೋದು ಮೊದಲನೆಯದು. ಊರೊಳಗೆ ಹತ್ತು ಕಿಲೋಮೀಟರ್ ಓಡಿದ ಹಳೇ ಬೈಕು ಸರಿಯಾಗಿ ಬಿಸಿಯೇ ಆಗಿರುವುದಿಲ್ಲ, ಹಾಗಾಗಿ ಅದರ ಬಣ್ಣ ಬಯಲಾಗಿರುವುದಿಲ್ಲ. ದೂರದ ದಾರಿಯಲ್ಲಿ ಕೈ ಕೊಡುವ ಸಾಮಾನುಗಳಲ್ಲಿ ಬಹಳಷ್ಟು, ಎಂಜಿನ್ ಒಂದು ಗಂಟೆ ಸತತವಾಗಿ ಕಾದ ಮೇಲೇ ಕೈ ಕೊಡುತ್ತವೆ. ಆದ್ದರಿಂದ ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ, ಇದು ಬಿಸಿಯಾದಾಗ ಏನು ಮಾಡುತ್ತೆ?

ಇದನ್ನು ನಾನು ಕಲಿತದ್ದು ಕೊರಟಗೆರೆ ದಾಟಿದ ಮೇಲೆ ಒಂದು ಹುಣಸೆ ಮರದ ಕೆಳಗೆ ಕೂತು. ನನ್ನದೂ ಬಿ31. ಎಂಜಿನ್ ಪೂರ್ತಿ ಬಿಚ್ಚಿ ಮಾಡಿದ್ದೆ, ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ಪ್ಲಗ್ಗಿಗೆ ಕಿಡಿ ಕೊಡುವ ಸಾಮಾನು) ಒಬ್ಬರ ಹತ್ತಿರ ಕೊಟ್ಟು ಹೊಸ ವೈಂಡಿಂಗ್ ಮಾಡಿಸಿದ್ದೆ. ಬೆಳಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ತುಮಕೂರಿಂದ ಮಧುಗಿರಿಗೆ ಹೊರಟೆ. ಮೂವತ್ತು ಕಿಲೋಮೀಟರ್ ಆಗ್ತಿದ್ದ ಹಾಗೆ ಎರಡು ಸಲ ಕೆಮ್ಮಿ ನಿಂತುಹೋಯಿತು. ಕಾರ್ಬೋರೇಟರ್ ಕಸ ಅಂದುಕೊಂಡು ಬಿಚ್ಚಿ ಊದಿದೆ. ಆಗಲಿಲ್ಲ. ಪ್ಲಗ್ ಬದಲಿಸಿದೆ. ಅದೂ ಆಗಲಿಲ್ಲ. ಸುಸ್ತಾಗಿ ಮರದ ಕೆಳಗೆ ಕೂತೆ, ಎಳನೀರು ಕುಡಿದೆ, ಮುಕ್ಕಾಲು ಗಂಟೆ ಬಿಟ್ಟು ಸುಮ್ನೆ ಕಿಕ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಹನ್ನೆರಡು ಕಿಲೋಮೀಟರ್ ಓಡಿ ಮತ್ತೆ ನಿಂತಿತು. ಅವತ್ತು ಕಾರ್ಬೋರೇಟರನ್ನು ನಾಲ್ಕು ಸಲ ಬಿಚ್ಚಿದ್ದೀನಿ, ಪಾಪ ಅದರದ್ದೇನೂ ತಪ್ಪಿರಲಿಲ್ಲ.

ತಪ್ಪಿದ್ದದ್ದು ಮ್ಯಾಗ್ನೆಟೋ ಒಳಗಿನ ಕಂಡೆನ್ಸರ್. ಈ ಲ್ಯೂಕಾಸ್ ಮ್ಯಾಗ್ನೆಟೋದಲ್ಲಿ ತಿರುಗುವ ಆರ್ಮೇಚರ್ ಒಳಗೇ ಕಾಯಿಲ್ ಜೊತೆಗೆ ಕಂಡೆನ್ಸರ್ ಕೂತಿರುತ್ತೆ. ಹಳೆಯದಾದ ಮೇಲೆ ತಣ್ಣಗಿರುವಾಗ ಚೆನ್ನಾಗಿಯೇ ಕೆಲಸ ಮಾಡುತ್ತೆ, ಕಾದಾಗ ಒಳಗೊಳಗೇ ಕರೆಂಟ್ ಸೋರಿಸಿ ಕಿಡಿಯನ್ನು ಸಾಯಿಸುತ್ತೆ. ನನಗೆ ವೈಂಡಿಂಗ್ ಮಾಡಿಕೊಟ್ಟವರು ಕಾಯಿಲ್ ಹೊಸದು ಸುತ್ತಿ ಹಳೇ ಕಂಡೆನ್ಸರನ್ನೇ ಒಳಗಿಟ್ಟು ಮುಚ್ಚಿದ್ದರು. ಕೇಳಿದರೆ 'ಟೆಸ್ಟ್ ಮಾಡಿದಾಗ ಸರಿ ಇತ್ತಲ್ಲ' ಅಂದರು. ಸರಿಯೇ ಇತ್ತು, ತಣ್ಣಗಿತ್ತು! ಹಾಗಾಗಿ ಮ್ಯಾಗ್ನೆಟೋ ಕೊಡುವಾಗ ಎರಡು ವಿಷಯ ಬಾಯಿಬಿಟ್ಟು ಹೇಳಿ. ಕಂಡೆನ್ಸರ್ ಹೊಸದು ಬೇಕು. ಮತ್ತೆ, ಬಿಸಿ ಮಾಡಿ ಒಂದು ಗಂಟೆ ತಿರುಗಿಸಿ ಕಿಡಿ ತೋರಿಸಬೇಕು. ಬಿಸಿಯಲ್ಲಿ ಪರೀಕ್ಷೆ ಮಾಡೋದಕ್ಕೆ ಆಗಲ್ಲ ಅನ್ನೋರ ಹತ್ತಿರ ಕೊಡಬೇಡಿ. ಮ್ಯಾಗ್ನೆಟೋ ಪಾಯಿಂಟ್ ಗ್ಯಾಪ್ 12 ಥೌ, ಅಂದರೆ ಇಂಚಿನ ಸಾವಿರದ ಹನ್ನೆರಡು ಭಾಗ, 0.3 ಮಿಲಿಮೀಟರ್. ಪ್ಲಗ್ ಗ್ಯಾಪ್ ಈಗಿನ ಬೈಕುಗಳಷ್ಟು ದೊಡ್ಡದು ಇಡಬೇಡಿ, 18ರಿಂದ 20 ಥೌ ಸಾಕು, ಅರ್ಧ ಮಿಲಿಮೀಟರಿಗೆ ಹತ್ತಿರ. ಮೆತ್ತಗೆ ಕಿಕ್ ಹೊಡೆದಾಗ ಮ್ಯಾಗ್ನೆಟೋ ಕೊಡುವ ಕಿಡಿ ಅಷ್ಟನ್ನೇ ದಾಟೋದು.

ಮ್ಯಾಗ್ನೆಟೋ ಬಗ್ಗೆ ಇಷ್ಟು ಬರೆದದ್ದಕ್ಕೆ ಕಾರಣ ಇದೆ. ಒಂದು ಸಲ ಸರಿಯಾಗಿ ಮಾಡಿಸಿದರೆ ಬ್ಯಾಟರಿ ಸತ್ತರೂ ಬೈಕ್ ಓಡುತ್ತೆ. ರಾತ್ರಿ ಲೈಟ್ ಇರಲ್ಲ ಅಷ್ಟೇ. ಇದನ್ನು ಕಿತ್ತು ಬ್ಯಾಟರಿ ಇಗ್ನಿಷನ್ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ತಲೆ ಅಲ್ಲಾಡಿಸಿ ಮನೆಗೆ ಬನ್ನಿ.

ಇನ್ನು ಬುಲೆಟ್ ಎಂಜಿನ್. ಬೇಡ. ನಿಮ್ಮ ಬಿ31 ಎಂಜಿನ್ 348 ಸಿಸಿ, ಬೋರ್ 71, ಸ್ಟ್ರೋಕ್ 88 ಮಿಲಿಮೀಟರ್, ಸುಮಾರು 17 ಎಚ್‌ಪಿ. ಹಳೇ ಬುಲೆಟ್ 350ರದ್ದು 18. ಒಂದು ಎಚ್‌ಪಿಗೋಸ್ಕರ ಫ್ರೇಮ್ ಕೊಯ್ದು, ವೆಲ್ಡ್ ಮಾಡಿಸಿ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಒಂದು, ಗಾಡಿಯಲ್ಲಿರುವ ನಂಬರ್ ಇನ್ನೊಂದು ಅಂತ ಮಾಡಿಕೊಂಡು ಪ್ರತಿ ಚೆಕ್‌ಪೋಸ್ಟಿನಲ್ಲೂ ಕಥೆ ಹೇಳೋದು ಯಾಕೆ? ಬುಲೆಟ್ ಎಂಜಿನ್ ಬೇಕಿದ್ದರೆ ಒಂದು ಬುಲೆಟ್ಟೇ ತಗೊಳ್ಳಿ, ಅದೂ ಒಳ್ಳೇ ಗಾಡಿ.

ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಸ್ಟಾರ್ಟ್ ಆಗಿಬಿಟ್ಟರೂ ಬಿಚ್ಚಲೇಬೇಕು. 1952ರಿಂದ ಓಡಿದ ಎಣ್ಣೆಯ ಕೆಸರು ಒಳಗಿನ ಎಣ್ಣೆ ದಾರಿಗಳಲ್ಲಿ ಸೀಮೆಎಣ್ಣೆಗೂ ಬಗ್ಗದ ಹಾಗೆ ಗಟ್ಟಿಯಾಗಿ ಕೂತಿರುತ್ತೆ. ಅದರ ಮೇಲೆ ಈಗಿನ ಡಿಟರ್ಜೆಂಟ್ ಆಯಿಲ್ ಹಾಕಿದರೆ ಆ ಕೆಸರು ಬಿಟ್ಟುಕೊಂಡು ನೇರ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿಗೆ ಹೋಗುತ್ತೆ. ಪೂರ್ತಿ ತೊಳೆದು ಕಟ್ಟಿದ ಎಂಜಿನ್ನಿಗೆ 20ಡಬ್ಲ್ಯು50 ಹಾಕಬಹುದು. ನಮ್ಮ ಕಡೆ ಬಿಸಿಲಿಗೆ ಬರೀ 40 ಗ್ರೇಡ್ ಆಯಿಲ್ ಹಾಕೋರೂ ಇದ್ದಾರೆ, ತಪ್ಪಿಲ್ಲ. ಯಾವುದೇ ಹಾಕಿ, ಬೇಗ ಬೇಗ ಬದಲಿಸಿ. ಈ ಎಂಜಿನ್ನಿನಲ್ಲಿ ಇರೋದು ಜಾಲರಿ ಮಾತ್ರ, ಈಗಿನ ಥರ ಪೇಪರ್ ಫಿಲ್ಟರ್ ಇಲ್ಲ.

ಬೋರ್ ಮಾಡಿಸುವಾಗ, ಅಂದರೆ ಸಿಲಿಂಡರನ್ನು ಹೊಸ ಪಿಸ್ಟನ್ ಅಳತೆಗೆ ಕೊರೆಸುವಾಗ, ಎಚ್ಚರ. ಬಿಗಿ ಕೂತರೆ ಒಳ್ಳೆಯದು ಅಂತ ಎಷ್ಟೋ ಲೇತಿನವರು ನಂಬಿದ್ದಾರೆ. ಪಿಸ್ಟನ್ ಅಲ್ಯೂಮಿನಿಯಂ, ಬ್ಯಾರಲ್ (ಸಿಲಿಂಡರ್) ಬೀಡು ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತೆ. ತಣ್ಣಗಿರುವಾಗ ಬಿಗಿ ಇದ್ದದ್ದು ಶಿರಾ ದಾಟುವಷ್ಟರಲ್ಲಿ ಸೀಜ್. ಪಿಸ್ಟನ್ ಮಾಡಿದವರು ಹೇಳಿದ ಗ್ಯಾಪ್ ಎಷ್ಟೋ ಅಷ್ಟೇ ಬಿಡಿಸಿ, ಅದೂ ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು ಬೋರ್ ಮಾಡಿಸಿ. ನಾನು ಈ ಕೆಲಸಕ್ಕೆ ಹೋಗೋದು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದ ಹಿರಿಯರೊಬ್ಬರ ಹತ್ತಿರ. ಮಿಲಿಮೀಟರಿನ ನೂರನೇ ಒಂದು ಭಾಗ ಅಂದರೆ ಅವರು ನಗೋದಿಲ್ಲ. ನಿಮ್ಮ ಕಡೆಯೂ ಅಂಥವರು ಸಿಗ್ತಾರೆ, ಹುಡುಕಿ.

ಒಂದು ಅಳತೆ ನೀವೇ ತೆಗೆಯಬಹುದು. ಹೊಸ ರಿಂಗನ್ನು ಒಂಟಿಯಾಗಿ ಬೋರಿನೊಳಗೆ ಬಿಡಿ. ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ರಿಂಗನ್ನು ಒಂದಿಂಚು ಒಳಕ್ಕೆ ತಳ್ಳಿ, ಆಗ ಅದು ನೆಟ್ಟಗೆ ಕೂರುತ್ತೆ. ರಿಂಗಿನ ಎರಡು ತುದಿಗಳ ಮಧ್ಯೆ ಫೀಲರ್ ಗೇಜ್ ಹಾಕಿ. 71 ಮಿಲಿಮೀಟರ್ ಬೋರಿಗೆ 0.25ರಿಂದ 0.3 ಮಿಲಿಮೀಟರ್ ಇರಬೇಕು. ಕಮ್ಮಿ ಇದ್ದರೆ ಬಿಸಿಯಲ್ಲಿ ತುದಿಗೆ ತುದಿ ತಾಗಿ ಬೋರನ್ನು ಕೆರೆಯುತ್ತೆ. ಸಣ್ಣ ಅರದಿಂದ ಎರಡೆರಡು ಉಜ್ಜು ಉಜ್ಜಿ ನೋಡುತ್ತಾ ಹೋಗಿ. ಹತ್ತು ನಿಮಿಷದ ಕೆಲಸ, ಮಾಡೋರು ಕಮ್ಮಿ.

ಸಿಲಿಂಡರ್ ಹೆಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಈ ಎಂಜಿನ್ ಹುಟ್ಟಿದ್ದು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ. ಆ ಸೀಸ ಎಕ್ಸಾಸ್ಟ್ ವಾಲ್ವ್ ಸೀಟನ್ನು ಸವೆಯದ ಹಾಗೆ ಕಾಯುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹೇಗೂ ಹೆಡ್ ಬಿಚ್ಚಿರುತ್ತೀರಿ, ಎಕ್ಸಾಸ್ಟ್ ಕಡೆಗೆ ಗಟ್ಟಿ ಉಕ್ಕಿನ ಸೀಟ್ ಹಾಕಿಸಿಬಿಡಿ.

ಪೆಟ್ರೋಲ್ ಅಂದ ಕೂಡಲೇ ಇ20. ಈಗ ಬಂಕಿನಲ್ಲಿ ಸಿಗೋದರಲ್ಲಿ 20 ಪರ್ಸೆಂಟ್ ಎಥನಾಲ್. ಹಳೇ ರಬ್ಬರ್ ಪೈಪ್, ಪೆಟ್ರೋಲ್ ಕಾಕಿನ ಬೆಂಡು, ಟ್ಯಾಂಕಿನ ಒಳಗೆ ಬಳಿಯುವ ಕೆಲವು ಸೀಲರ್‌ಗಳು, ಎಲ್ಲವನ್ನೂ ಇದು ತಿನ್ನುತ್ತೆ. ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಫ್ಲೋಟ್ ಬಟ್ಟಲು ಎರಡನ್ನೂ ಖಾಲಿ ಮಾಡಿ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಎಥನಾಲ್ ಇದ್ದಾಗ ಅದೇ ಜೆಟ್ಟಿನಲ್ಲಿ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಮಿಕ್ಸ್ಚರ್ ತೆಳುವಾಗುತ್ತೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದಾಗುತ್ತೆ, ತೆಳುವಾದರೆ ಎಂಜಿನ್ ಜಾಸ್ತಿ ಕಾಯುತ್ತೆ. ಇದರ ಜೊತೆಗೆ ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ನೀವು ಹೋಗ್ತಿರೋದು ಸಮುದ್ರಕ್ಕೆ. ಕೆಳಗಿಳಿದಷ್ಟೂ ಗಾಳಿ ದಟ್ಟ, ಮಿಕ್ಸ್ಚರ್ ಇನ್ನೂ ತೆಳು. ಹಾಗಾಗಿ ಇಲ್ಲಿ 'ಕರೆಕ್ಟಾಗಿದೆ' ಅನ್ನಿಸುವ ಜೆಟ್ಟು ಮದುರೈ ಬಿಸಿಲಲ್ಲಿ ಕರೆಕ್ಟಾಗಿರಲ್ಲ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಹೊರಡಿ, ಇನ್ನೊಂದು ದೊಡ್ಡದನ್ನು ಜೇಬಿನಲ್ಲಿಡಿ. ಪ್ಲಗ್ ಮೂತಿ ಬೆಳ್ಳಗಿದ್ದರೆ ತೆಳು, ಮಸಿ ಹಿಡಿದಿದ್ದರೆ ಗಟ್ಟಿ, ಕಾಫಿ ಪುಡಿ ಬಣ್ಣ ಇದ್ದರೆ ಸರಿ. ದೂರದ ದಾರಿಗೆ ಸ್ವಲ್ಪ ಮಸಿಯ ಕಡೆಗೇ ಇರಲಿ.

ಹಳೇ ಅಮಲ್ ಕಾರ್ಬೋರೇಟರಿನ ಸ್ಲೈಡ್ ಸವೆದು ಅಲ್ಲಾಡುತ್ತಿದ್ದರೆ ಎಷ್ಟು ಟ್ಯೂನ್ ಮಾಡಿದರೂ ಅಷ್ಟೇ. ಹೊಸ ಅಮಲ್ ಇವತ್ತಿಗೂ ಇಂಗ್ಲೆಂಡಿನಲ್ಲಿ ತಯಾರಾಗುತ್ತೆ, ದುಡ್ಡು ಜಾಸ್ತಿ. ಬುಲೆಟ್ 350ರ ಮಿಕ್‌ಕಾರ್ಬ್ ಕಾರ್ಬೋರೇಟರ್ ಹಾಕಿಕೊಂಡು ಓಡಿಸೋರು ಬೇಕಾದಷ್ಟು ಜನ ಇದ್ದಾರೆ. ನಾನೂ ಓಡಿಸಿದ್ದೀನಿ. ದಾರಿಯಲ್ಲಿ ಅದರ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತೆ. ಒಂದು ಬೋಲ್ಟ್ ಆನ್ ಅಡಾಪ್ಟರ್ ಮಾಡಿಸಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ, ಎಸೆಯಬೇಡಿ.

ಆಯಿಲ್ ಬಗ್ಗೆ ಒಂದು ಅಭ್ಯಾಸ ಮಾಡಿಕೊಳ್ಳಿ. ಈ ಗಾಡಿಯಲ್ಲಿ ಆಯಿಲ್ ಇರೋದು ಬೇರೆ ಟ್ಯಾಂಕಿನಲ್ಲಿ. ಪಂಪ್ ಅಲ್ಲಿಂದ ಎಳೆದು ಎಂಜಿನ್ನಿಗೆ ಕೊಟ್ಟು ವಾಪಸ್ ಕಳಿಸುತ್ತೆ. ಪ್ರತಿ ಸಲ ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ವಾಪಸ್ ಪೈಪಿನಿಂದ ಆಯಿಲ್ ಚಿಮ್ಮುತ್ತಿದೆಯಾ? ಇದೆ ಅಂದರೆ ಹೊರಡಿ. ಇಲ್ಲ ಅಂದರೆ ಆಫ್ ಮಾಡಿ. ವಾರಗಟ್ಟಲೆ ನಿಂತರೆ ಆಯಿಲ್ ಪಂಪ್ ದಾಟಿ ಕೆಳಗೆ ಎಂಜಿನ್ನಿಗೆ ಇಳಿದಿರುತ್ತೆ, ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಹೊಗೆ. ಇದಕ್ಕೆ ಪೈಪಿನ ಮಧ್ಯೆ ನಲ್ಲಿ ಹಾಕಿಸಿ ಅಂತಾರೆ. ತೆರೆಯೋದು ಒಂದೇ ಒಂದು ದಿನ ಮರೆತರೆ ಎಂಜಿನ್ ಮುಗೀತು. ಬೇಡ ಸ್ವಾಮಿ, ಹೊಗೆಯೇ ವಾಸಿ.

ಈಗ ಸ್ಪ್ಯಾನರ್. ಬಹಳ ಗಾಡಿಗಳು ಹಾಳಾಗೋದು ಇಲ್ಲೇ. ಬ್ರಿಟಿಷ್ ಗಾಡಿಯ ಬೋಲ್ಟುಗಳು ಮಿಲಿಮೀಟರ್ ಲೆಕ್ಕದ್ದಲ್ಲ, ವಿಟ್‌ವರ್ತ್ ಮತ್ತು ಸೈಕಲ್ ಥ್ರೆಡ್. ಕಾಲಿಂಚಿನ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ 13.3 ಮಿಲಿಮೀಟರ್. 13ರದ್ದು ಕೂರಲ್ಲ, 14ರದ್ದು ಕೂತಂತೆ ಮಾಡಿ ಮೂಲೆ ತಿಂದುಹಾಕುತ್ತೆ. ನಿಮ್ಮ ಬೋಲ್ಟಿನ ತಲೆಗಳು ಈಗಾಗಲೇ ದುಂಡಗಾಗಿದ್ದರೆ ಯಾರ ಕೈವಾಡ ಅಂತ ಗೊತ್ತಾಯ್ತಲ್ಲ. ಒಂದು ಸೆಟ್ ವಿಟ್‌ವರ್ತ್ ಸ್ಪ್ಯಾನರ್ ತಗೊಳ್ಳಿ. ಬೆಂಗಳೂರಿನ ಗುಜರಿಗಳಲ್ಲಿ ಹಳೆಯವು ಸಿಗುತ್ತವೆ, ಹೊಸವೂ ಬರುತ್ತವೆ. ಕೈಗೆ ಸಿಕ್ಕಿದ ಬೇರೆ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬರುತ್ತೆ. ಅಂದ ಹಾಗೆ, ಆನ್‌ಲೈನಿನಲ್ಲಿ ಸ್ಪೇರ್ ಹುಡುಕುವಾಗ 2024ರಲ್ಲಿ ಇಲ್ಲಿ ಬಂದ ಹೊಸ ಬಿಎಸ್‌ಎ ಗೋಲ್ಡ್ ಸ್ಟಾರ್ 650ರ ಸಾಮಾನು ಎದುರಾಗುತ್ತೆ. ಹೆಸರು ಒಂದೇ, ಒಂದು ವಾಷರ್ ಕೂಡ ನಿಮ್ಮದಕ್ಕೆ ಅಂತ ಮಾಡಿದ್ದಲ್ಲ.

ಡಿಸ್ಕ್ ಬ್ರೇಕ್ ಕೂಡ ಬೇಡ. ಆ ಫೋರ್ಕು ಒಂದು ಕಡೆಯಿಂದ ಬರುವ ಅಷ್ಟು ಎಳೆತಕ್ಕೆ ಮಾಡಿದ್ದಲ್ಲ. 7 ಇಂಚಿನ ಡ್ರಮ್ ಇದೆ. ಸ್ಪೋಕ್ ಕಟ್ಟಿಸಿದ ಮೇಲೆ, ಚಕ್ರ ಸಮೇತ, ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ. ಹೊಸ ಲೈನರ್ ಅಂಟಿಸಿದ ಶೂಗಳನ್ನು ಆ ಡ್ರಮ್ಮಿನ ಅಳತೆಗೇ ಉಜ್ಜಿಸಿ. ಸೀಮೆಸುಣ್ಣ ಬಳಿದು ಹಾಕಿ ತೆಗೆದರೆ ಶೂ ಎಲ್ಲೆಲ್ಲಿ ತಾಗುತ್ತಿದೆ ಅಂತ ಗೊತ್ತಾಗುತ್ತೆ. ಹೀಗೆ ಮಾಡಿದ ಡ್ರಮ್ಮು 65ರ ವೇಗಕ್ಕೆ ಸಾಕು. ಆದರೆ ಅದಕ್ಕೂ ಬಿಸಿ ತಡೆಯೋಕೆ ಆಗಲ್ಲ. ಧರ್ಮಪುರಿ ದಾಟಿ ಸೇಲಂಗೆ ಮುಂಚೆ ತೊಪ್ಪೂರು ಘಾಟಿ ಬರುತ್ತೆ, ಉದ್ದ ಇಳಿಜಾರು, ಹಿಂದೆ ಮುಂದೆ ಲಾರಿಗಳು. ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಅರ್ಧ ದಾರಿಗೆ ಲಿವರ್ ಮೆತ್ತಗಾಗುತ್ತೆ. ಮೇಲೆಯೇ ಗೇರ್ ಇಳಿಸಿ, ಎಂಜಿನ್ ತಡೆಯಲಿ.

ಟೈರಿನ ಚಿಂತೆ ಇಲ್ಲ, 3.25-19, ಹಳೇ ಬುಲೆಟ್ಟಿನದ್ದೇ ಸೈಜು. ಟ್ಯೂಬ್, ರಿಮ್ ಟೇಪ್ ಹೊಸದು ಹಾಕಿ. ಚಕ್ರ, ಸ್ಟೀರಿಂಗ್ ಬೇರಿಂಗುಗಳನ್ನೂ ಬದಲಿಸಿ.

ಕರೆಂಟು: ಡೈನಮೋ ಮೇಲೆ ಇ3ಎಲ್ ಅಂತ ಇದ್ದರೆ ಅದು 6 ವೋಲ್ಟ್, 60 ವ್ಯಾಟಿನದು. ಅದನ್ನು ಬಿಚ್ಚದೇ, ಹಳೇ ರೆಗ್ಯುಲೇಟರ್ ಜಾಗದಲ್ಲಿ 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಬಹುದು. ಚಾರ್ಜ್ ಆಗೋದು ಸ್ವಲ್ಪ ಜಾಸ್ತಿ ಆರ್‌ಪಿಎಂನಲ್ಲಿ, ಹೈವೇಗೆ ಅದು ತೊಂದರೆಯಲ್ಲ. ಎಲ್‌ಇಡಿ ಬಲ್ಬ್ ಹಾಕಿ, ಆದರೆ ಮೊದಲು ಅರ್ತ್ ನೋಡಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಎಷ್ಟೋ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಫ್ರೇಮಿಗೆ ಕೊಟ್ಟಿರುತ್ತೆ. ಎಲ್‌ಇಡಿ ಉಲ್ಟಾ ಹಾಕಿದರೆ ಉರಿಯಲ್ಲ, ಕೆಲವು ಸುಟ್ಟೇ ಹೋಗುತ್ತವೆ.

ಕಾಗದ ಪತ್ರ. ಇದನ್ನು ಎಂಜಿನ್ ಬಿಚ್ಚುವ ಮೊದಲೇ ಶುರು ಮಾಡಿ, ಯಾಕಂದರೆ ಇದೇ ನಿಧಾನ. ಅಜ್ಜನ ಹೆಸರಿನಿಂದ ನಿಮ್ಮ ಹೆಸರಿಗೆ ಬದಲಿಸೋದಕ್ಕೆ ಫಾರಂ 31. ನೋಂದಣಿ ನವೀಕರಣಕ್ಕೆ ಫಾರಂ 25, ಮೊದಲ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು. ಹಳೇ ಮೈಸೂರು ರಾಜ್ಯದ ನಂಬರ್ ಆಗಿದ್ದರೆ ಅದು ವಾಹನ್ ದಾಖಲೆಗೆ (ಸರ್ಕಾರದ ವಾಹನ ನೋಂದಣಿಯ ಕಂಪ್ಯೂಟರ್ ದಾಖಲೆ) ಏರಿದೆಯಾ ಅಂತ ಆರ್‌ಟಿಒದಲ್ಲಿ ಮೊದಲು ಕೇಳಿ. ಯಾರಾದರೂ 'ವಿಂಟೇಜ್ ನಂಬರ್ ಮಾಡಿಸಿಬಿಡಿ, ಗತ್ತು' ಅಂದರೆ ತಡೆಯಿರಿ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ 'ವಿಎ' ಅಕ್ಷರದ ನಂಬರ್ ಕೊಡ್ತಾರೆ, ಹೊಸದಾಗಿ ಮಾಡಿಸೋದಕ್ಕೆ ₹20,000, ಹತ್ತು ವರ್ಷಕ್ಕೆ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬೇಕು, ದಿನನಿತ್ಯದ ಓಡಾಟಕ್ಕೆ ಇಲ್ಲ. ನಿಮಗೆ ಕನ್ಯಾಕುಮಾರಿ ಬೇಕು. ಮಾಮೂಲಿ ಆರ್‌ಸಿಯನ್ನೇ ಬದುಕಿಸಿಕೊಳ್ಳಿ.

ಕಟ್ಟಿ ಮುಗಿದ ಮೇಲೆ ನೇರ ಹೊರಡಬೇಡಿ. ಮೊದಲ 800 ಕಿಲೋಮೀಟರ್ 50 ದಾಟಬೇಡಿ. ಒಂದೇ ವೇಗದಲ್ಲೂ ಓಡಿಸಬೇಡಿ, ಏರಿಸಿ ಇಳಿಸಿ. ಮೊದಲ ವಾರ ಗುಬ್ಬಿ ತನಕ ಹೋಗಿ ಬನ್ನಿ. ಆಮೇಲೆ ದೇವರಾಯನದುರ್ಗದ ತಿರುವುಗಳು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಅಲ್ವಾ, ಗಾಬರಿಯಾದಾಗ ಕಾಲು ಅಭ್ಯಾಸವಾದ ಕಡೆಗೇ ಹೋಗುತ್ತೆ. ಆ ಅಭ್ಯಾಸ ಬದಲಾಗೋದು ಬೆಟ್ಟದಲ್ಲೇ. ಕೊನೆಗೆ ಒಂದು ಏಪ್ರಿಲ್ ಮಧ್ಯಾಹ್ನ ಪಾವಗಡಕ್ಕೆ ಹೋಗಿ ಬನ್ನಿ, ನೂರಕ್ಕೂ ಮೇಲೆ ಹೋಗೋದು ಅಷ್ಟೇ ಬರೋದು. ಆ ಬಿಸಿಲಲ್ಲಿ ನಿಲ್ಲದೆ ಬಂದರೆ ಗಾಡಿ ರೆಡಿ. ಪ್ರತಿ ಓಟದ ಮೇಲೂ ನಟ್ಟು ಬೋಲ್ಟು ಬಿಗಿ ಮಾಡಿ, ಸಿಂಗಲ್ ಸಿಲಿಂಡರ್ ಗಾಡಿ ನಡುಗಿ ನಡುಗಿ ಅವನ್ನು ಬಿಚ್ಚಿಬಿಡುತ್ತೆ. ಹೊರಡುವ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಕಾಯಬೇಡಿ. ಬೆಳಗ್ಗೆ ಆರರೊಳಗೆ ಬೆಂಗಳೂರು ದಾಟಿ ಹೊಸೂರು ರಸ್ತೆಯಲ್ಲಿರಬೇಕು. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್ನು ಸಿಗ್ನಲ್ಲಿನಲ್ಲಿ ಬೇಯುವಷ್ಟು ಘಾಟಿಯಲ್ಲೂ ಬೇಯಲ್ಲ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲುಗಳ ಪಕ್ಕದಲ್ಲೇ ಇನ್ನೊಂದೊಂದು ಹೊಸ ಕೇಬಲ್ ಎಳೆದು ಟೇಪ್ ಸುತ್ತಿಡಿ, ತುಂಡಾದರೆ ತುದಿ ಬದಲಿಸಿದರೆ ಆಯ್ತು.

ಬಣ್ಣ ಬೇಕಾದರೆ ವಾಪಸ್ ಬಂದ ಮೇಲೆ ಮಾಡಿಸಿ. ಟ್ಯಾಂಕನ್ನು ಮಾತ್ರ ಪೇಂಟರಿಗೆ ಕೊಡುವ ಮೊದಲು ಎರಡು ಸಲ ಯೋಚನೆ ಮಾಡಿ, ಮಂಡಿ ತಾಗಿ ಸವೆದ ಜಾಗ ನಿಮ್ಮ ಅಜ್ಜನದು.

ಸದ್ಯಕ್ಕೆ ಪಿಸ್ಟನ್ ಆರ್ಡರ್ ಮಾಡಬೇಡಿ. ಬ್ಯಾರಲ್ ಬಿಚ್ಚಿದ ಮೇಲೆ ಬೋರಿನ ಮೇಲೆ, ಮಧ್ಯೆ, ಕೆಳಗೆ, ಮೂರೂ ಕಡೆ ಅಡ್ಡ ಉದ್ದ ಅಳತೆ ತೆಗೆಸಿ ಬರೆಯಿರಿ. ಹಳೇ ಪಿಸ್ಟನ್ನಿನ ತಲೆಯ ಮೇಲೆ 20, 40 ಅಂತ (ಮೂಲ ಸೈಜಿಗಿಂತ ಎಷ್ಟು ಥೌ ದೊಡ್ಡದು ಅನ್ನೋ ಗುರುತು) ಏನಾದರೂ ಕೆತ್ತಿದ್ದರೆ ಅದನ್ನೂ ತಿಳಿಸಿ. ಯಾವ ಸೈಜ್ ತರಿಸಬೇಕು ಅಂತ ಆಮೇಲೆ ಹೇಳ್ತೀನಿ.